ತೀರ್ಥಹಳ್ಳಿ ಹತ್ರ ಹೋಮ್‌ಸ್ಟೇ ಇದೆ, 60 ಫೋನ್ ಕನೆಕ್ಟ್ ಆದ್ರೆ ವೈಫೈ ನಿಂತೇ ಹೋಗುತ್ತೆ, ಇನ್ನೂ ದೊಡ್ಡ ಪ್ಲಾನ್ ಹಾಕಿಸ್ಬೇಕಾ?

ಪ್ಲಾನಿಗೆ ದುಡ್ಡು ದಂಡ ಮಾಡ್ಬೇಡಿ ಸಾರ್, ಸಮಸ್ಯೆ ಹೆಚ್ಚಾಗಿ ಗಾಳೀಲಿ ಇರೋದು. ಒಂದು ಚಾನಲ್‌ನಲ್ಲಿ (ವೈಫೈ ಸಿಗ್ನಲ್ ಓಡಾಡೋ ದಾರಿ) ಒಂದು ಸಲಕ್ಕೆ ಒಂದೇ ಡಿವೈಸ್ ಮಾತಾಡ್ಬೇಕು, ಉಳಿದವು ಕಾಯ್ಬೇಕು, ಅದ್ರಲ್ಲೂ ಮೂಲೆ ರೂಮಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರೋ ಫೋನು ಅಷ್ಟೇ ಡೇಟಾಗೆ ಎಷ್ಟೋ ಪಟ್ಟು ಜಾಸ್ತಿ ಟೈಮ್ ತಿನ್ನುತ್ತೆ, ಹಾಗಾಗಿ ರೂಟರ್ ಪಕ್ಕ ಕೂತೋನಿಗೂ ಸ್ಲೋ. ನಮ್ಮ ಕಡೆ ದಪ್ಪ ಜಂಬಿಟ್ಟಿಗೆ ಗೋಡೆ ಬೇರೆ, ವೈಫೈನ 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟೋದೇ ಕಷ್ಟ.

ಒಂದೇ ದೊಡ್ಡ ರೂಟರ್ ಬದ್ಲು ಮೂರ್ನಾಲ್ಕು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡೋ ಪೆಟ್ಟಿಗೆ) ಹಾಕಿ, ಪವರ್ ಕಮ್ಮಿ ಇಡಿ, ಪ್ರತಿಯೊಂದಕ್ಕೂ ಕೇಬಲ್ ಎಳೀರಿ. ಅಗ್ಗದ ರಿಪೀಟರ್ ಬೇಡ್ವೇ ಬೇಡ, ಅದು ಬಂದಿದ್ದನ್ನೇ ಅದೇ ಚಾನಲ್‌ನಲ್ಲಿ ಮತ್ತೆ ಹೇಳಿ ಇರೋ ಟೈಮನ್ನೂ ತಿನ್ನುತ್ತೆ. 2.4 ಗಿಗಾಹರ್ಟ್ಸ್ ಸಿಗ್ನಲ್‌ನಲ್ಲಿ ಒಂದಕ್ಕೊಂದು ತಾಗದೆ ಇರೋದು 1, 6, 11 ಮೂರೇ ಚಾನಲ್, 5ರಲ್ಲಿ ಜಾಗ ಜಾಸ್ತಿ. ವೈಫೈ 6 ಆದ್ರೆ ಒಂದೇ ಚಾನಲ್ಲನ್ನ ಹೋಳು ಮಾಡಿ ಹಲವು ಫೋನಿಗೆ ಒಟ್ಟಿಗೆ ಹಂಚುತ್ತೆ, ಆದ್ರೆ ಗೆಸ್ಟ್ ಫೋನೂ ವೈಫೈ 6 ಇರ್ಬೇಕಲ್ಲ.

ಜನ ಮರೆಯೋದು ಇನ್ನೊಂದಿದೆ: ಸಾಮಾನ್ಯ ರೂಟರ್ ಕೊಡೋದು ಜಾಸ್ತಿ ಅಂದ್ರೆ 250 ಚಿಲ್ಲರೆ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಪ್ರತಿ ಫೋನಿಗೂ ಬೇಕಾಗೋ ನಂಬರ್), ಕೆಲವು ನೂರಕ್ಕೇ ನಿಲ್ಸಿರ್ತಾವೆ. ಲೀಸ್ ಟೈಮ್, ಅಂದ್ರೆ ಒಂದು ಅಡ್ರೆಸ್ ಒಂದು ಫೋನಿಗೆ ಮೀಸಲಿರೋ ಹೊತ್ತು, 24 ಗಂಟೆ ಇದ್ರೆ ಬೆಳಗ್ಗೆ ರೂಮ್ ಖಾಲಿ ಮಾಡಿ ಹೋದವ್ರ ಅಡ್ರೆಸ್ ಸಂಜೆ ಬಂದವ್ರಿಗೆ ಸಿಗಲ್ಲ, 2 ಗಂಟೆಗೆ ಇಳಿಸಿ.

ದೂರದ ಕಾಟೇಜಿಗೆ ಮಾತ್ರ ತಾಮ್ರದ ಕೇಬಲ್ ಬೇಡ, ಫೈಬರ್ ಎಳೆಸಿ, ತಾಮ್ರದಲ್ಲಿ ಸಿಡ್ಲಿನ ಕರೆಂಟ್ ಹರಿದು ಬರುತ್ತೆ, ಮಳೆಗಾಲದ ಮುಂಚಿನ ಸಿಡ್ಲು ನಿಮಗೇ ಗೊತ್ತಲ್ಲ.