ಆಪರೇಷನ್ ಆದ ಮೇಲಿನ ದಿನಗಳನ್ನು ಮೊದಲು ಎಣಿಸಿ

ಓದುಗರ ಪ್ರಶ್ನೆಗಳು. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೊದಲು ನರ್ಸ್ ಆಗಿ, ಆಮೇಲೆ ಹೊರದೇಶದ ರೋಗಿಗಳ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಅಂಕಣಕಾರ್ತಿ ಉತ್ತರಿಸಿದ್ದಾರೆ. ಈ ಸಲದ ವಿಷಯ: ಕಡಿಮೆ ಖರ್ಚಿನ ಚಿಕಿತ್ಸೆಗೆ ಗಡಿ ದಾಟುವುದು.

ಪ್ರಶ್ನೆ: ಮೇಡಂ, ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ವಯಸ್ಸು 63. ಹುಟ್ಟೂರು ಹಾಸನದ ಹತ್ತಿರ. ಬ್ರಿಟಿಷ್ ಪಾಸ್‌ಪೋರ್ಟ್, ಭಾರತ ಮೂಲದ ಹೊರದೇಶದ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದೆ. ಎರಡೂ ಮಂಡಿ ಸವೆದಿವೆ, ಬಲಗಾಲು ಜಾಸ್ತಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಪಟ್ಟಿಯಲ್ಲಿ ಹೆಸರಿದೆ, ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಇಲ್ಲಿ ಖಾಸಗಿಯಾಗಿ ಮಾಡಿಸುವ ಶಕ್ತಿ ಇಲ್ಲ. ಬೆಂಗಳೂರಿನ ತಮ್ಮ "ಮೂರು ವಾರ ರಜೆ ಹಾಕಿ ಬಾ, ಮಂಡಿ ಮಾಡಿಸ್ಕೊಂಡು ಹೋಗು" ಅನ್ನುತ್ತಾನೆ. ಅಲ್ಲಿನ ಆಸ್ಪತ್ರೆಯೊಂದು ವಾಟ್ಸಾಪ್‌ನಲ್ಲಿ ಎಸ್ಟಿಮೇಟ್ ಕಳಿಸಿದೆ: ಒಂದು ಮಂಡಿಗೆ 2 ಲಕ್ಷ 80 ಸಾವಿರ. ಬರಬಹುದಾ?

ಉತ್ತರ: ಬರಬಹುದು. ಆದರೆ ಮೂರು ವಾರಕ್ಕೆ ಬರಬೇಡಿ.

ನಿಮ್ಮ ತಮ್ಮ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಆಪರೇಷನ್ ಇಡೀ ಕೆಲಸದಲ್ಲಿ ಒಂದು ಬೆಳಗಿನ ಮಾತು. ಉಳಿದದ್ದೆಲ್ಲ ಆಮೇಲಿನದು. ಲೆಕ್ಕ ಹಾಕೋಣ. ಬಂದ ಮೇಲೆ ರಕ್ತ ಪರೀಕ್ಷೆ, ಎಕ್ಸ್‌ರೇ, ಹೃದಯದ ತಪಾಸಣೆ, ಅನಸ್ತೇಷಿಯಾ ಡಾಕ್ಟರ ಒಪ್ಪಿಗೆಗೆ ಕೆಲವು ದಿನ ಬೇಕು. ಸಕ್ಕರೆ ಜಾಸ್ತಿ ಇದ್ದರೆ, ಹಲ್ಲಿನಲ್ಲೋ ಮೂತ್ರದಲ್ಲೋ ಸೋಂಕು ಕಂಡರೆ, ಅದು ಹತೋಟಿಗೆ ಬರುವ ತನಕ ಒಳ್ಳೆಯ ಸರ್ಜನ್ ಕತ್ತಿ ಎತ್ತುವುದಿಲ್ಲ. ಆಪರೇಷನ್ ಆದ ಮೇಲೆ ಹೊಲಿಗೆ ಬಿಚ್ಚುವುದೇ ಸುಮಾರು ಎರಡು ವಾರಕ್ಕೆ. ಅಲ್ಲಿಂದ ಮಂಡಿ ಮಡಚಲು, ಮೆಟ್ಟಿಲು ಹತ್ತಲು ಫಿಸಿಯೋಥೆರಪಿ. ಅದನ್ನು ಅರ್ಧಕ್ಕೆ ಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ. ಎಷ್ಟೇ ಒಳ್ಳೆಯ ಇಂಪ್ಲಾಂಟ್ (ಕೃತಕ ಮಂಡಿ) ಹಾಕಿದ್ದರೂ ನೀವು ಕುಂಟುವುದು ತಪ್ಪುವುದಿಲ್ಲ.

ಇನ್ನು ವಿಮಾನ. ಬೆಂಗಳೂರಿನಿಂದ ಲಂಡನ್‌ಗೆ ನೇರವಾಗಿ ಹೋದರೂ ಹತ್ತು ಗಂಟೆಗೂ ಮೇಲೆ. ಮಂಡಿ ಆಪರೇಷನ್ ಆದವರಿಗೆ ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಅಷ್ಟು ಹೊತ್ತು ಕಾಲು ಮಡಚಿ ಕೂತರೆ ಅದು ಇನ್ನೂ ಹೆಚ್ಚು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ದೂರದ ವಿಮಾನಕ್ಕೆ ಕನಿಷ್ಠ ಆರು ವಾರ ಕಾಯಿರಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಸರ್ಜನ್ ಇನ್ನೂ ಜಾಸ್ತಿ ಹೇಳಿದರೆ ಅದೇ ಕೊನೆಯ ಮಾತು. ಎಲ್ಲ ಸೇರಿ ಎರಡು ತಿಂಗಳು ಇಟ್ಟುಕೊಳ್ಳಿ. ಅಷ್ಟು ರಜೆ ಸಿಗದಿದ್ದರೆ ಈ ವರ್ಷ ಬೇಡ.

ಟಿಕೆಟ್ ತೆಗೆಯುವ ಮುಂಚೆ ಲೆಸ್ಟರ್‌ನಲ್ಲೇ ಒಂದು ಕೆಲಸ ಮಾಡಿ. ಇಂಗ್ಲೆಂಡಿನಲ್ಲಿ 18 ವಾರಕ್ಕಿಂತ ಜಾಸ್ತಿ ಕಾಯುತ್ತಿರುವವರು ಬೇರೆ ಆಸ್ಪತ್ರೆಗೆ ವರ್ಗಾಯಿಸಿ ಅಂತ ಕೇಳಬಹುದು. ಎನ್‌ಎಚ್‌ಎಸ್ ಜೊತೆ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಗಳೂ ಅದರಲ್ಲಿ ಬರುತ್ತವೆ, ಖರ್ಚು ನಿಮ್ಮದಲ್ಲ. ಬೇರೆ ಊರಿನಲ್ಲಿ ಬೇಗ ಆಗುವುದಾದರೆ ಅದೇ ವಾಸಿ ಅಲ್ವಾ? ಸುಮ್ನೆ ಕಾಯುತ್ತಾ ಕೂರಬೇಡಿ, ನಿಮ್ಮ ಜಿಪಿಗೆ, ಅಂದರೆ ಕುಟುಂಬ ವೈದ್ಯರಿಗೆ, ಫೋನ್ ಮಾಡಿ ಕೇಳಿ.

ಅದೂ ಆಗಲಿಲ್ಲ, ಬರುವುದೇ ಸರಿ ಅಂದರೆ ಎಸ್ಟಿಮೇಟ್ ವಿಚಾರಕ್ಕೆ ಬರೋಣ. ಅಲ್ಲಿ ಖಾಸಗಿಯಾಗಿ ಒಂದು ಮಂಡಿಗೆ ಸಾಮಾನ್ಯವಾಗಿ 12,000 ಪೌಂಡ್ ದಾಟುತ್ತದೆ. ಅದರ ಮುಂದೆ 2 ಲಕ್ಷ 80 ಸಾವಿರ ಬಹಳ ಕಡಿಮೆಯೇ. ದರ ಕಡಿಮೆ ಅಂದ ಮಾತ್ರಕ್ಕೆ ಕೆಲಸ ಕಳಪೆ ಅಲ್ಲ. ಇಲ್ಲಿ ಸಂಬಳ ಕಡಿಮೆ, ಒಬ್ಬೊಬ್ಬ ಸರ್ಜನ್ ಮಾಡುವ ಆಪರೇಷನ್ ಜಾಸ್ತಿ. 2017ರ ಆಗಸ್ಟ್‌ನಿಂದ ಮಂಡಿ ಇಂಪ್ಲಾಂಟ್‌ಗೆ ಸರ್ಕಾರ ಗರಿಷ್ಠ ಬೆಲೆಯನ್ನೂ ಕಟ್ಟಿದೆ. ಆದರೆ ಎಸ್ಟಿಮೇಟ್ ಹಾಳೆಯ ಮೇಲಿರುವ ದೊಡ್ಡ ಅಂಕಿ ನೋಡಿ ನಿಲ್ಲಬೇಡಿ, ಕೆಳಗೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ. "ಇದರಲ್ಲಿ ಸೇರಿಲ್ಲ" ಅನ್ನುವ ಪಟ್ಟಿ ಅಲ್ಲಿರುತ್ತದೆ. ರಕ್ತ, ಬೇರೆ ಸ್ಪೆಷಲಿಸ್ಟ್ ಬಂದು ನೋಡಿದ ಫೀಸು, ಪ್ಯಾಕೇಜಿಗಿಂತ ಜಾಸ್ತಿ ಇದ್ದ ದಿನಗಳು, ಐಸಿಯು, ಮನೆಗೆ ಹೋದ ಮೇಲಿನ ಫಿಸಿಯೋ, ವಾಕರ್. ಇವು ಸೇರಿದರೆ ಬಿಲ್ಲು ಬೇರೆಯೇ ಆಗುತ್ತದೆ. ಎರಡು ಪ್ರಶ್ನೆ ಬರವಣಿಗೆಯಲ್ಲೇ ಕೇಳಿ. ಒಂದು, ಇದು ಯಾವ ರೂಮಿನ ದರ? ಜನರಲ್ ವಾರ್ಡಿನಿಂದ ಪ್ರೈವೇಟ್ ರೂಮಿಗೆ ಹೋದರೆ ಹಾಸಿಗೆ ಬಾಡಿಗೆ ಮಾತ್ರವಲ್ಲ, ಅನೇಕ ಕಡೆ ಸರ್ಜನ್ ಫೀಸು, ಥಿಯೇಟರ್ ಚಾರ್ಜೂ ಏರುತ್ತದೆ. ಎರಡು, ಓಸಿಐ ಇರುವ ನನಗೆ ಸ್ಥಳೀಯ ದರವೋ, ಹೊರದೇಶದವರ ದರವೋ? ಹಲವು ಆಸ್ಪತ್ರೆಗಳಲ್ಲಿ ಎರಡು ಪಟ್ಟಿ ಇರುತ್ತದೆ. ಅಡ್ಮಿಷನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೆಗೆದಾಗ ಈ ವಿಷಯ ಎದ್ದು, ಮನೆಯವರೆಲ್ಲ ಬ್ಯಾಗ್ ಹಿಡಿದುಕೊಂಡು ನಿಂತೇ ಇರುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಇಂಪ್ಲಾಂಟಿನ ಡಬ್ಬದ ಎಂಆರ್‌ಪಿಗಿಂತ ಜಾಸ್ತಿ ಯಾರ ಹತ್ತಿರವೂ ತೆಗೆದುಕೊಳ್ಳುವ ಹಾಗಿಲ್ಲ, ಅದನ್ನೂ ತಿಳಿದಿರಿ.

ದುಡ್ಡನ್ನು ನಗದಾಗಿ ತಂದು ಕಟ್ಟಲು ಹೋಗಬೇಡಿ. ಒಬ್ಬರಿಂದ 2 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ನಗದು ಪಡೆಯಲು ನಮ್ಮ ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಕಾರ್ಡ್ ಅಥವಾ ಬ್ಯಾಂಕ್ ವರ್ಗಾವಣೆಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಅಲ್ಲಿನ ಸಾಮಾನ್ಯ ಪ್ರಯಾಣ ವಿಮೆ, ಚಿಕಿತ್ಸೆಗೆಂದೇ ಹೊರಟ ಪ್ರಯಾಣಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅದಕ್ಕೆಂದೇ ಇರುವ ಪಾಲಿಸಿ ಬೇರೆ, ಕೇಳಿ ನೋಡಿ.

ಡಿಸ್ಚಾರ್ಜ್ ಆದ ತಕ್ಷಣ ಹಾಸನಕ್ಕೆ ಹೊರಡಬೇಡಿ. ಹೊಲಿಗೆ ಬಿಚ್ಚುವ ತನಕ ತಮ್ಮನ ಮನೆಯಲ್ಲೇ ಇರಿ. ಗಾಯ ಕೆಂಪಾದರೆ, ಮೀನಖಂಡ ಊದಿಕೊಂಡರೆ ಸರ್ಜನ್ ಹತ್ತಿರದಲ್ಲಿರಬೇಕು. ತಮ್ಮನ ಮನೆಯಲ್ಲಿ ಕಮೋಡ್ ಇದೆಯಾ, ಲಿಫ್ಟ್ ಇದೆಯಾ ಅಂತ ಈಗಲೇ ಕೇಳಿ. ಊರಿನ ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಅಲ್ಲಿಗೆ ಹೋಗುವ ಮೊದಲು ಅದನ್ನು ಸರಿ ಮಾಡಿಸಿ. ಹಬ್ಬದ ಊಟಕ್ಕೆ ಎಲ್ಲರ ಜೊತೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಆಸೆ ಬೇಡ, ಕುರ್ಚಿ ಕೇಳಲು ಸಂಕೋಚವೂ ಬೇಡ.

ಕೊನೆಗೆ ಕಾಗದ. ಆಪರೇಷನ್ ಥಿಯೇಟರಿನಲ್ಲಿ ಇಂಪ್ಲಾಂಟ್ ಡಬ್ಬ ಬಿಚ್ಚಿದಾಗ ಒಳಗೆ ಸಣ್ಣ ಸಣ್ಣ ಸ್ಟಿಕರ್‌ಗಳಿರುತ್ತವೆ. ಕಂಪನಿಯ ಹೆಸರು, ಸೈಜು, ಲಾಟ್ ನಂಬರ್, ಬಾರ್‌ಕೋಡ್. ತೊಡೆಮೂಳೆಯ ಭಾಗಕ್ಕೆ ಒಂದು, ಕಣಕಾಲಿನ ಮೂಳೆಗೆ ಒಂದು, ಮಧ್ಯದ ಪ್ಲಾಸ್ಟಿಕ್ಕಿಗೆ ಒಂದು. ನರ್ಸ್ ಅವನ್ನು ಕಿತ್ತು ಫೈಲಿಗೆ ಅಂಟಿಸುತ್ತಾರೆ. ನಿಮ್ಮ ಡಿಸ್ಚಾರ್ಜ್ ಸಮ್ಮರಿಗೂ ಒಂದು ಸೆಟ್ ಅಂಟಿಸಿಕೊಡಿ ಅಂತ ಕೇಳಿ, ಇಲ್ಲದಿದ್ದರೆ ಆ ಹಾಳೆಯ ಫೋಟೋ ತೆಗೆದುಕೊಳ್ಳಿ. ಹತ್ತು ಹದಿನೈದು ವರ್ಷ ಬಿಟ್ಟು ಆ ಮಂಡಿಗೆ ಏನಾದರೂ ಆದರೆ ಲೆಸ್ಟರ್‌ನ ಸರ್ಜನ್ ಮೊದಲು ಕೇಳುವುದು ಅದನ್ನೇ. ಅಲ್ಲಿನ ಆಸ್ಪತ್ರೆಗೆ ಹೋದಾಗ "ಕಳೆದ 12 ತಿಂಗಳಲ್ಲಿ ಬೇರೆ ದೇಶದ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಿರಾ?" ಅಂತಲೂ ಕೇಳುತ್ತಾರೆ. ಹೌದು ಅನ್ನಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಜೊತೆಗೆ ಬಂದಿದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ. ಮುಚ್ಚಿಟ್ಟರೆ ಪಕ್ಕದ ಹಾಸಿಗೆಯವರಿಗೆ ತೊಂದರೆ.

ಪ್ರಶ್ನೆ: ನಾನು ಅಮೆರಿಕದ ಫೀನಿಕ್ಸ್‌ನಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇದ್ದೇನೆ. ಒಂದು ದವಡೆ ಹಲ್ಲು ಹೋಗಿದೆ, ಇಂಪ್ಲಾಂಟ್ ಬೇಕಂತೆ. ಇಲ್ಲಿನ ದರ ಕೇಳಿ ಗಾಬರಿಯಾಯಿತು. ಸಹೋದ್ಯೋಗಿಗಳು ಮೆಕ್ಸಿಕೋದ ಲಾಸ್ ಅಲ್ಗೊಡೋನೆಸ್‌ಗೆ ಹೋಗು ಅನ್ನುತ್ತಾರೆ. ಅಮ್ಮ ಮೈಸೂರಿಗೆ ಬಂದು ಮಾಡಿಸು ಅನ್ನುತ್ತಾರೆ. ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಮುಗಿದಿದೆ.

ಉತ್ತರ: ಒಂದೇ ಹಲ್ಲಿಗೆ ಮೈಸೂರಿಗೆ ಬರಬೇಡಿ, ಅಮ್ಮನನ್ನು ನೋಡಲು ಬನ್ನಿ. ಇಂಪ್ಲಾಂಟ್ ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ. ಮೊದಲು ಮೂಳೆಗೆ ಸ್ಕ್ರೂ ಕೂರಿಸುತ್ತಾರೆ. ಅದು ಮೂಳೆಯ ಜೊತೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಆಮೇಲೆ ಮೇಲಿನ ಕ್ಯಾಪ್. ಅಂದರೆ ಎರಡು ಸಲ ಟಿಕೆಟ್. ಒಬ್ಬರು ಕೂರಿಸಿದ ಸ್ಕ್ರೂ ಮೇಲೆ ಇನ್ನೊಬ್ಬ ಡೆಂಟಿಸ್ಟ್ ಕ್ಯಾಪ್ ಹಾಕಲು ಸುಲಭಕ್ಕೆ ಒಪ್ಪುವುದೂ ಇಲ್ಲ.

ಲಾಸ್ ಅಲ್ಗೊಡೋನೆಸ್ ನಿಮಗೆ ಹತ್ತಿರವೇ. ಯೂಮಾ ಪಕ್ಕದ ಗಡಿಯಲ್ಲಿ ಕಾರು ಈಚೆ ನಿಲ್ಲಿಸಿ ನಡೆದೇ ದಾಟುವ ಊರು, ಬೀದಿ ತುಂಬ ದಂತ ವೈದ್ಯರು. ಮತ್ತೆ ತೋರಿಸಬೇಕಾದರೆ ಒಂದೇ ದಿನದಲ್ಲಿ ಹೋಗಿ ಬರಬಹುದು, ಅದೇ ಅದರ ದೊಡ್ಡ ಅನುಕೂಲ. ಆದರೆ ನಿಮ್ಮ ತೊಡಕು ವೀಸಾದ್ದು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಭಾರತೀಯರಿಗೆ ಮೆಕ್ಸಿಕೋ ವೀಸಾ ಬೇಡ. ಸ್ಟ್ಯಾಂಪ್ ಮುಗಿದ ನಿಮಗೆ ಬೇಕು. ವಾಪಸು ಬರುವಾಗ, 30 ದಿನದೊಳಗಿನ ಪ್ರವಾಸಕ್ಕೆ ಚಾಲ್ತಿ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ಪ್ರವೇಶ ದಾಖಲೆ) ತೋರಿಸಿ ಹಳೆಯ ಸ್ಟ್ಯಾಂಪ್ ಮೇಲೇ ಒಳಗೆ ಬಿಡುವ ನಿಯಮ ಇದೆ, ಅದಕ್ಕೂ ಷರತ್ತುಗಳಿವೆ. ಕಂಪನಿಯ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಒಂದು ಹಲ್ಲಿಗೋಸ್ಕರ ಕೆಲಸಕ್ಕೇ ಕುತ್ತು ತಂದುಕೊಳ್ಳುವುದು ಬೇಡ.

ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಮೊದಲು ಊರಿನ ದಂತ ಕಾಲೇಜು ವಿಚಾರಿಸುತ್ತಿದ್ದೆ. ಮೆಸಾದಲ್ಲಿ ಎ.ಟಿ. ಸ್ಟಿಲ್ ವಿಶ್ವವಿದ್ಯಾಲಯದ್ದು, ಗ್ಲೆಂಡೇಲ್‌ನಲ್ಲಿ ಮಿಡ್‌ವೆಸ್ಟರ್ನ್ ವಿಶ್ವವಿದ್ಯಾಲಯದ್ದು ಇದೆ. ಹಿರಿಯರ ಕಣ್ಣೆದುರೇ ವಿದ್ಯಾರ್ಥಿಗಳು ಮಾಡುತ್ತಾರೆ. ನಿಧಾನ, ಆದರೆ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಎಲ್ಲಿ ಮಾಡಿಸಿದರೂ ಇಂಪ್ಲಾಂಟಿನ ಕಂಪನಿ, ಮಾಡೆಲ್, ಅಳತೆ ಬರೆಸಿಕೊಳ್ಳಿ. ಮುಂದೆ ಸ್ಕ್ರೂ ಸಡಿಲವಾದರೆ ಅದಕ್ಕೆ ಹೊಂದುವ ಸಲಕರಣೆಯೇ ಬೇಕಾಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಮಸ್ಕತ್‌ನಲ್ಲಿ ಡ್ರೈವರ್. ಊರು ಕೊಪ್ಪಳ ಜಿಲ್ಲೆ. ನನ್ನ ತಮ್ಮನಿಗೂ ಇಲ್ಲೇ ಕೆಲಸ. ಅವನ ಎರಡೂ ಕಿಡ್ನಿ ಹೋಗಿವೆ, ಡಯಾಲಿಸಿಸ್ ನಡೀತಿದೆ. ಒಬ್ಬ ಏಜೆಂಟ್ "ಬೆಂಗಳೂರಿಗೆ ಬನ್ನಿ, ಕಿಡ್ನಿ ಕೊಡೋರನ್ನ ನಾನೇ ಹೊಂದಿಸ್ತೀನಿ, ಸಂಬಂಧಿ ಅಂತ ಕಾಗದ ಮಾಡಿಸ್ತೀನಿ" ಅಂತಾನೆ. ಮೊದಲೇ ದುಡ್ಡು ಕೇಳ್ತಿದ್ದಾನೆ.

ಉತ್ತರ: ಕೊಡಬೇಡಿ. ಅವನ ನಂಬರ್ ಬ್ಲಾಕ್ ಮಾಡಿ. ಕಿಡ್ನಿ ಕೊಳ್ಳುವುದು ಮಾರುವುದು ಎರಡೂ 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಸುಳ್ಳು ಕಾಗದಕ್ಕೆ ಸಹಿ ಹಾಕುವವರು ನೀವು, ಅವನಲ್ಲ. ಕಿಡ್ನಿ ಮಾರಿದವರು ಕೂಡ ನಮ್ಮ ನಿಮ್ಮಂಥ ಬಡವರೇ ಅಲ್ವಾ?

ಸರಿಯಾದ ದಾರಿ ಇದೆ. ಹೆಂಡತಿ, ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು, ಅಜ್ಜ ಅಜ್ಜಿ ಕೊಡಬಹುದು. ನೀವೇ ಕೊಡಬಹುದಾ ಅಂತ ಪರೀಕ್ಷೆ ಮಾಡಿಸಿ. ರಕ್ತದ ಗುಂಪು ಹೊಂದದಿದ್ದರೆ, ಇದೇ ಕಷ್ಟದಲ್ಲಿರುವ ಇನ್ನೊಂದು ಕುಟುಂಬದ ಜೊತೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲೂ ಕಾನೂನು ಒಪ್ಪುತ್ತದೆ. ಯಾರೂ ಇಲ್ಲದಿದ್ದರೆ ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಸೇರಿಸಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿ ಕಾಯಿಲೆಗೆಂದೇ ಇರುವ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ, ಮೊದಲು ಅಲ್ಲಿಗೆ ಹೋಗಿ. ಬಿಪಿಎಲ್ ಕಾರ್ಡ್ ಜೊತೆಗಿರಲಿ, ಸರ್ಕಾರದ ನೆರವು ಏನು ಸಿಗುತ್ತದೆ ಅಂತ ಅಲ್ಲೇ ಕೇಳಿ.

ಇನ್ನೊಂದು ಮಾತು. ಕಸಿ ಆದ ಮೇಲೆ ದೇಹ ಹೊಸ ಕಿಡ್ನಿಯನ್ನು ತಳ್ಳದಿರಲು ಜೀವಮಾನ ಪೂರ್ತಿ ಮಾತ್ರೆ ಬೇಕು, ಒಂದು ದಿನವೂ ತಪ್ಪಿಸುವಂತಿಲ್ಲ. ಮೊದಲ ತಿಂಗಳುಗಳಲ್ಲಿ ಮೇಲಿಂದ ಮೇಲೆ ರಕ್ತ ಪರೀಕ್ಷೆ. ತಮ್ಮ ಮಸ್ಕತ್‌ಗೆ ಬೇಗ ಮರಳುತ್ತಾನೆ ಅಂತ ಲೆಕ್ಕ ಹಾಕಬೇಡಿ. ಮಾತ್ರೆಯ ತಿಂಗಳ ಖರ್ಚು ಎಷ್ಟು ಅಂತ ಆಪರೇಷನ್‌ಗೆ ಮುಂಚೆಯೇ ಡಾಕ್ಟರನ್ನು ಕೇಳಿ, ಮನೆಯವರೆಲ್ಲ ಕೂತು ಮಾತಾಡಿ. ಏನಾಯಿತು ಅಂತ ನನಗೆ ಬರೆಯಿರಿ.

ಪ್ರಶ್ನೆ: ನಮ್ಮ ಮನೆ ಬೊಮ್ಮಸಂದ್ರದಲ್ಲಿ. ಮೇಲಿನ ಎರಡು ರೂಮನ್ನು ಆಸ್ಪತ್ರೆಗೆ ಬರುವವರಿಗೆ ಬಾಡಿಗೆಗೆ ಕೊಡಬೇಕು ಅಂತಿದ್ದೇವೆ. ಬಾಂಗ್ಲಾದೇಶದ ಒಂದು ಕುಟುಂಬ ಕೇಳಿದೆ. ಮಗುವಿಗೆ ಹೃದಯದ ಆಪರೇಷನ್ ಅಂತೆ. ಕೊಟ್ಟರೆ ತೊಂದರೆ ಆಗುತ್ತಾ?

ಉತ್ತರ: ಕೊಡಿ. ನಿಮ್ಮ ಊರಿಗೆ ಇದು ಹೊಸದಲ್ಲ. 2003ರಲ್ಲಿ ಲಾಹೋರ್–ದೆಹಲಿ ಬಸ್ಸಿನಲ್ಲಿ ಬಂದ ಪಾಕಿಸ್ತಾನದ ಪುಟ್ಟ ಮಗು ನೂರ್ ಫಾತಿಮಾಗೆ ಹೃದಯದ ಆಪರೇಷನ್ ಆದದ್ದು ನಿಮ್ಮ ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲೇ.

ತೊಂದರೆ ಆಗುವುದು ಕಾಗದ ಮಾಡದಿದ್ದರೆ. ಪಾಸ್‌ಪೋರ್ಟ್, ವೀಸಾ ಎರಡರ ಪ್ರತಿ ತೆಗೆದುಕೊಳ್ಳಿ. ಮಗುವಿನದು ಮೆಡಿಕಲ್ ವೀಸಾ, ಜೊತೆಯವರದು ಮೆಡಿಕಲ್ ಅಟೆಂಡೆಂಟ್ ವೀಸಾ ಇದೆಯಾ ನೋಡಿ. ಪ್ರವಾಸಿ ವೀಸಾದಲ್ಲಿ ಬಂದಿದ್ದರೆ ಆಸ್ಪತ್ರೆಯ ಹೊರದೇಶದ ರೋಗಿಗಳ ವಿಭಾಗಕ್ಕೆ ಮೊದಲು ಕಳಿಸಿ. ಅವರು ಬಂದ 24 ಗಂಟೆಯೊಳಗೆ, ಎಲ್ಲರೂ ಸಿ-ಫಾರಂ ಅಂತ ಕರೆಯುವ ಮಾಹಿತಿಯನ್ನು ವಿದೇಶಿಯರ ನೋಂದಣಿ ಕಚೇರಿ ಎಫ್‌ಆರ್‌ಆರ್‌ಓಗೆ ಆನ್‌ಲೈನ್‌ನಲ್ಲಿ ಕೊಡಬೇಕು. ಅದು ಮನೆ ಮಾಲೀಕರಾದ ನಿಮ್ಮ ಜವಾಬ್ದಾರಿ. ಹೋಟೆಲ್ಲಿಗೂ ಅದೇ, ಮನೆಗೂ ಅದೇ.

ಬಾಡಿಗೆಯನ್ನು ತಿಂಗಳ ಲೆಕ್ಕದಲ್ಲಿ ಕಟ್ಟಿಹಾಕಬೇಡಿ, ವಾರದ ಲೆಕ್ಕ ಇರಲಿ. ಮಗುವಿಗೆ ಜ್ವರ ಬಂದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಐಸಿಯುನಲ್ಲಿ ದಿನ ಜಾಸ್ತಿಯಾಗುತ್ತದೆ. ಆಗ ಅವರ ಕೈಯಲ್ಲಿ ದುಡ್ಡು ಕರಗುತ್ತಾ ಹೋಗುತ್ತದೆ. ಮೇಲಿನ ರೂಮಿನಲ್ಲಿ ಒಂದು ಗ್ಯಾಸ್ ಒಲೆ, ನಾಲ್ಕು ಪಾತ್ರೆ ಇಡಿ. ಅವರಿಗೆ ಅನ್ನ, ಮೀನು ಬೇಕು. ಮೀನು ಬೇಯಿಸುವುದು ನಿಮಗೆ ಆಗದಿದ್ದರೆ ಮೊದಲೇ ಹೇಳಿಬಿಡಿ, ಅವರು ಬೇರೆ ಮನೆ ನೋಡಿಕೊಳ್ಳುತ್ತಾರೆ. ರಾತ್ರಿ ಆಸ್ಪತ್ರೆಗೆ ಓಡಬೇಕಾದರೆ ಕರೆಯಲು ಗೊತ್ತಿರುವ ಆಟೋದವರ ನಂಬರ್ ಬರೆದು ಬಾಗಿಲ ಹಿಂದೆ ಅಂಟಿಸಿ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಅಂಕಿಗಳನ್ನು ದೊಡ್ಡದಾಗಿ ಇಂಗ್ಲಿಷಿನಲ್ಲೇ ಬರೆಯಿರಿ.