ಮೇಷ್ಟ್ರ ವೆಬ್‌ಸೈಟಿಗೆ 40 ಸಾವಿರ ಬೇಕಾ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಎರಡು ಕಥಾಸಂಕಲನ, ಒಂದು ಕವನ ಸಂಕಲನ ಬಂದಿವೆ. ನನ್ನದೇ ವೆಬ್‌ಸೈಟ್ ಇರಲಿ ಅಂತ ಆಸೆ. ವಿಚಾರಿಸಿದರೆ 40 ಸಾವಿರ ಕೇಳಿದರು. ನನಗೆ ಗೊತ್ತಿರುವುದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು, ಜಿಮೇಲ್ ಕಳಿಸುವುದು ಅಷ್ಟೇ. ನಾನೇ ಮಾಡಿಕೊಳ್ಳಬಹುದಾ?
– ಓದುಗರು, ಸಾಗರ

ಉತ್ತರ: ಧಾರಾಳವಾಗಿ ಮಾಡಿಕೊಳ್ಳಬಹುದು ಮೇಷ್ಟ್ರೇ. ಜಿಮೇಲ್ ಇದೆಯಲ್ಲ, ಅದೇ ಖಾತೆಯಲ್ಲಿ ವೆಬ್‌ಸೈಟ್ ಕಟ್ಟಿಕೊಳ್ಳುವ ಗೂಗಲ್ ಸೈಟ್ಸ್ ಪುಕ್ಕಟೆ ಸಿಗುತ್ತದೆ. ಫೋಟೋ ಎಳೆದು ಹಾಕಿ, ಪಕ್ಕದಲ್ಲಿ ಟೈಪ್ ಮಾಡಿ, 'ಪಬ್ಲಿಷ್' ಒತ್ತಿದರೆ ಆಯಿತು. ವಾರವಾರ ಹೊಸದು ಬರೆದು ಹಾಕುವವರಾದರೆ ಗೂಗಲ್‌ನದೇ ಬ್ಲಾಗರ್ ವಾಸಿ. ಅದೂ ಪುಕ್ಕಟೆಯೇ.

ನಿಮಗೆ ತೊಡಕಾಗುವುದು ನುಡಿಯಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ನಿಮ್ಮ ಕತೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಗೂಗಲ್‌ಗೂ ಅದು ಕನ್ನಡ ಅಂತ ತಿಳಿಯುವುದಿಲ್ಲ, ಹುಡುಕಿದರೆ ಸಿಗುವುದೂ ಇಲ್ಲ. ಹಾಗಾಗಿ ಮೊದಲು ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಇರುವ ವ್ಯವಸ್ಥೆಗೆ, ಬದಲಾಯಿಸಿಕೊಳ್ಳಿ. ನುಡಿಯಲ್ಲೂ ಬರಹದಲ್ಲೂ ಅದಕ್ಕೆ ಕನ್ವರ್ಟರ್ ಇದೆ. ಬದಲಾಯಿಸಿದ ಮೇಲೆ ಒಮ್ಮೆ ಕರಡು ತಿದ್ದಲೇಬೇಕು. ಅರ್ಕಾವತ್ತು, ಒತ್ತಕ್ಷರ ಇದ್ದ ಕಡೆ ಜಾಸ್ತಿ ಕಣ್ಣಿಡಿ. ಮೇಷ್ಟ್ರಿಗೆ ಇದನ್ನು ಹೇಳಿಕೊಡಬೇಕೇ!

ಸೈಟಿನಲ್ಲಿ ಏನಿರಬೇಕು? ಒಂದು ಫೋಟೋ, ನಾಲ್ಕು ಸಾಲು ಪರಿಚಯ, ಮೂರೂ ಪುಸ್ತಕಗಳ ಮುಖಪುಟ, ಪುಸ್ತಕ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು, ನಿಮ್ಮ ಮೇಲ್. ಇಷ್ಟು ಒಂದೇ ಪುಟದಲ್ಲಿ ಹಿಡಿಸುತ್ತದೆ. ಸನ್ಮಾನದ ಫೋಟೋಗಳ ರಾಶಿ ಬೇಡ, ಬೇಜಾರು ಮಾಡಿಕೊಳ್ಳಬೇಡಿ. ಅದರ ಬದಲು ಒಂದು ಇಡೀ ಕತೆ ಹಾಕಿ. ಪುಸ್ತಕ ಕೊಳ್ಳಬೇಕೋ ಬೇಡವೋ ಅಂತ ಓದುಗರು ನಿರ್ಧರಿಸುವುದು ಅದನ್ನು ಓದಿಯೇ ಅಲ್ವಾ? ಪ್ರಕಾಶಕರಿಗೆ ಮೊದಲೇ ಒಂದು ಮಾತು ಹೇಳಿಬಿಡಿ, ಹಕ್ಕು ಅವರ ಬಳಿ ಇರಬಹುದು.

ಪುಸ್ತಕದ ಹೆಸರು ಮುಖಪುಟದ ಚಿತ್ರದಲ್ಲಿದ್ದರೆ ಸಾಲದು. ಕೆಳಗೆ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಟೈಪ್ ಮಾಡಿ. ಕನ್ನಡ ಪುಸ್ತಕವನ್ನೂ ಎಷ್ಟೋ ಜನ ಇಂಗ್ಲಿಷ್ ಕೀಲಿಯಲ್ಲೇ ಹುಡುಕುತ್ತಾರೆ. ಮುಖಪುಟವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವುದಾದರೆ 'ಡಾಕ್ಯುಮೆಂಟ್' ಅಂತಲೇ ಕಳಿಸಲು ಹೇಳಿ. ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಕೊನೆಗೆ ಮೊಬೈಲಿನಲ್ಲಿ ತೆರೆದು ನೋಡಿ, ಬರುವವರು ಹೆಚ್ಚಾಗಿ ಅಲ್ಲಿಂದಲೇ.

ಸ್ವಂತ ಹೆಸರಿನ 'ಡಾಟ್ ಇನ್' ವಿಳಾಸ ಬೇಕಿದ್ದರೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಖರ್ಚು. ಮೊದಲ ವರ್ಷದ ರಿಯಾಯಿತಿಗೆ ಮರುಳಾಗಬೇಡಿ, ಎರಡನೇ ವರ್ಷದ ದರ ಕೇಳಿ. ನೋಂದಣಿ ನಿಮ್ಮ ಮೇಲ್‌ನಲ್ಲೇ ಇರಲಿ, ಅಳಿಯನ ಮೇಲ್‌ನಲ್ಲಿ ಬೇಡ. ಹಣ ಕಟ್ಟಿ ಅನ್ನುವ ನೆನಪೋಲೆ ಅವರಿಗೆ ಹೋಗುತ್ತದೆ, ಅವರು ನೋಡುವುದಿಲ್ಲ, ನಿಮ್ಮ ಹೆಸರು ಇನ್ಯಾರದೋ ಪಾಲಾಗುತ್ತದೆ.