ಅಪ್ಪ ಬಿತ್ತಿದ ಹೊಲದಲ್ಲಿ ಚರಗ

ಪ್ರಶ್ನೆ: ಕಾರ್ತಿಕ ಮಾಸದಲ್ಲಿ ಅಪ್ಪ ತೀರಿಕೊಂಡರು, ನಮ್ಮ ಹೊಲದಲ್ಲಿಯೇ ಮಣ್ಣು ಕೊಟ್ಟೆವು. ಅಂದಿನಿಂದ ಅವ್ವ ಹೊಲದ ಕಡೆ ಹೆಜ್ಜೆ ಇಟ್ಟಿಲ್ಲ. ವರ್ಷ ತುಂಬುವವರೆಗೆ ಹಬ್ಬ ಬೇಡವೆಂದು ಹಿರಿಯರು ಹೇಳುತ್ತಾರೆ. ಎಳ್ಳಮವಾಸ್ಯೆಗೆ ಚರಗ (ಪೂಜೆಯ ಬಳಿಕ ಹೊಲಕ್ಕೆ ಎರಚುವ ಅಡುಗೆಯ ತುತ್ತು) ಚೆಲ್ಲಬಹುದೇ?
– ಓದುಗರೊಬ್ಬರು, ಕುಷ್ಟಗಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಹಿರಿಯರ ಮಾತು ಮೀರಬೇಕಿಲ್ಲ. ಹೋಳಿಗೆ, ಬಂಧುಬಳಗದ ಊಟ ಈ ವರ್ಷ ಬೇಡ. ಆದರೆ ಚರಗವೆಂದರೆ ಸಂಭ್ರಮಕ್ಕಿಂತ ಮೊದಲು, ಬೆಳೆ ಹೊತ್ತು ನಿಂತ ಭೂತಾಯಿಗೆ ಉಣಬಡಿಸುವ ಕೆಲಸವೆಂದೇ ನಾನು ನಂಬಿದ್ದೇನೆ; ಹಿರಿಯರ ಮುಂದೆ ಇದನ್ನು ಹೀಗೆಯೇ ಇಟ್ಟು ಕೇಳಿ. ಅವರು ಒಪ್ಪಿದರೆ, ಬನ್ನಿಮರದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಸಜ್ಜೆ ಕಡುಬು, ಪುಂಡಿಪಲ್ಯ ಕಲಸಿದ ತುತ್ತನ್ನು ಚೆಲ್ಲಲು ಅವ್ವನ ಕೈಗೇ ಕೊಡಿ. ಚರಗ ಚೆಲ್ಲುವಾಗ ಕೂಗುವಂತೆ ‘ಹುಲ್ಲುಲ್ಲಿಗೋ’ ಎಂದು ನೀವು ಕೂಗಿ. ಅವ್ವ ದನಿಗೂಡಿಸಲೇಬೇಕೆಂದು ಒತ್ತಾಯಿಸಬೇಡಿ. ಅಪ್ಪ ಬಿತ್ತಿದ ಬಿಳಿಜೋಳ ಎದೆಯೆತ್ತರ ನಿಂತಿರುವುದನ್ನು ಕಂಡು, ಅದರ ಎಲೆ ಕೈಗೆ ತಾಗಿದಾಗ, ಇಷ್ಟು ದಿನ ತಡೆದ ಅಳು ಬಂದರೆ ಬರಲಿ. ಹಿರಿಯರು ಒಪ್ಪದಿದ್ದರೆ, ಬೆಳಿಗ್ಗೆ ಹಕ್ಕಿಗಳಿಗೆ ಒಂದು ಹಿಡಿ ಕಾಳು ಚೆಲ್ಲಲು ಅವ್ವನನ್ನು ಬದುವಿನವರೆಗಾದರೂ ಕರೆದೊಯ್ಯಿರಿ.

ವಾರಗಟ್ಟಲೆ ಅವ್ವನಿಗೆ ಊಟ, ನಿದ್ದೆ ಹತ್ತದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.